ಪೌರತ್ವವೂ ಹಾಜರಿ ಪುಸ್ತಕವೂ

‘ಪುರ’ ಎಂಬ ನಾಮಪದಕ್ಕೆ ತದ್ಧಿತ ಪ್ರತ್ಯಯವು ಸೇರಿ ‘ಪೌರ’ ಎಂಬ ರೂಪ ಸಿದ್ಧಿಸುತ್ತದೆ. ಪುರದಲ್ಲಿ ವಾಸಿಸುವವನು ಪೌರ. ಅವನ ಭಾವವೇ ಪೌರತ್ವ. ವಾಸವೇ ಈ ಶಬ್ದದ ಮೂಲಾರ್ಥವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಹುಟ್ಟಿನಿಂದ ಪೌರತ್ವವನ್ನು ಪಡೆದವರು ಎಲ್ಲಿದ್ದರೂ ಆ ನಾಡಿನ ಪೌರರೇ. ಆದರೆ ಬೇರೊಂದು ನಾಡಿನಿಂದ ಬಂದು ಅರ್ಜಿಯ ಮೂಲಕ ಪೌರರಾಗಬಯಸುವವರು ತಾವು ಅಲ್ಲಿ ನಿಜವಾಗಿ ವಾಸಿಸಿದ್ದೇವೆಂಬುದನ್ನು ದಿನಗಳ ಲೆಕ್ಕದಿಂದಲೇ ತೋರಿಸಿಕೊಡಬೇಕು. ಈ ಬಗೆಯ ಪೌರತ್ವವನ್ನು ಪೌರನೀತಿಯ ಗ್ರಂಥಗಳು ಸಹಜೀಕೃತ ಪೌರತ್ವವೆಂದು ಕರೆಯುತ್ತವೆ. ವ್ಯವಹಾರದಲ್ಲಿ ಅದಕ್ಕೆ ನ್ಯಾಚುರಲೈಸೇಷನ್ ಎಂದು ಹೆಸರು.

ಮಠಗಳ ಆಶ್ರಯದ ಶಾಲೆಗಳಲ್ಲಿ ಅಕ್ಷರ ಕಲಿತು, ಉಚಿತ ಪ್ರಸಾದನಿಲಯಗಳಲ್ಲಿ ಬೆಳೆದ ಅನೇಕರು ಇಂದು ವೈದ್ಯರಾಗಿ, ಇಂಜಿನಿಯರುಗಳಾಗಿ ಇಂಗ್ಲೆಂಡಿನಲ್ಲಿ ನೆಲೆಸಿದ್ದಾರೆ. ಲಂಡನ್ ನಗರದ ಲ್ಯಾಂಬೆತ್ ಭಾಗದಲ್ಲಿ, ಥೇಮ್ಸ್ ನದಿಯ ದಡದಲ್ಲಿ, 2015ರ ನವೆಂಬರ್ ತಿಂಗಳಲ್ಲಿ ಭಾರತದ ಪ್ರಧಾನಮಂತ್ರಿಗಳು ಬಸವೇಶ್ವರರ ಪ್ರತಿಮೆಯನ್ನು ಅನಾವರಣ ಮಾಡಿದ ಸಂಗತಿ ಸರ್ವವಿದಿತವಾಗಿದೆ. ಹೀಗೆ ನೆಲೆಸಿದವರ ಬಾಳು ಎರಡು ದಿಕ್ಕಿನ ಸೆಳೆತಕ್ಕೆ ಒಳಗಾದುದು. ಉದ್ಯೋಗ, ಮನೆ, ಮಕ್ಕಳ ಶಾಲೆ ಅಲ್ಲಿ. ವೃದ್ಧರಾದ ತಾಯಿತಂದೆಗಳು, ಹೊಲಮನೆ, ಮದುವೆ ಮುಂಜಿ, ಶಿವಗಣಾರಾಧನೆ ಇಲ್ಲಿ. ತಂದೆಯವರು ಹಾಸಿಗೆ ಹಿಡಿದರೆಂಬ ಸುದ್ದಿ ಬಂದರೆ ಮಗನು ದಿನ ಎಣಿಸುತ್ತ ಕುಳಿತಿರುವುದಿಲ್ಲ. ಮೊದಲು ದೊರೆತ ವಿಮಾನವನ್ನು ಏರುತ್ತಾನೆ. ಆದರೆ ಆ ನಾಡಿನ ಕಾನೂನು ಆ ದಿನಗಳನ್ನು ಎಣಿಸಿಯೇ ಎಣಿಸುತ್ತದೆ. ಹಾಗೆ ಎಣಿಸಿದ ದಿನಗಳು ಮಿತಿಯನ್ನು ಮೀರಿದಾಗ ಅರ್ಜಿದಾರರು ಅನುಸರಿಸಬಹುದಾದ ಕ್ರಮವನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಶಾಲೆಯ ಅಧ್ಯಾಪಕರಿಗೆ ಈ ವಿಷಯ ತೀರ ಅಪರಿಚಿತವಾದುದಲ್ಲ. ಪರೀಕ್ಷೆಗೆ ಕುಳಿತುಕೊಳ್ಳಲು ವಿದ್ಯಾರ್ಥಿಗೆ ಇಂತಿಷ್ಟು ಹಾಜರಿ ಇರಲೇಬೇಕೆಂಬ ನಿಯಮವುಂಟು. ಹಾಜರಿ ಸ್ವಲ್ಪ ಕಡಿಮೆಯಾದರೆ ಸಕಾರಣವನ್ನು ಕಂಡು ಅದನ್ನು ಮನ್ನಿಸುವ ಅಧಿಕಾರ ಮೇಲಿನವರಿಗೆ ಉಂಟು. ಆದರೆ ಆ ಮನ್ನಣೆ ವಿದ್ಯಾರ್ಥಿಯ ಹಕ್ಕಲ್ಲ. ಬ್ರಿಟಿಷ್ ಪೌರತ್ವದ ಕಾನೂನೂ ಬಹುಮಟ್ಟಿಗೆ ಇದೇ ಜಾಡಿನಲ್ಲಿ ನಡೆಯುತ್ತದೆ. ಹಾಜರಿ ಪುಸ್ತಕ, ಗೈರುಹಾಜರಿಯ ಮಿತಿ, ಕೊರತೆಯ ಮನ್ನಣೆ ಎಂಬ ಮೂರು ಅಂಶಗಳನ್ನು ಕ್ರಮವಾಗಿ ತಿಳಿದುಕೊಂಡರೆ ಉಳಿದುದೆಲ್ಲವೂ ಸುಲಭವಾಗುತ್ತದೆ.

ಮೂಲ ನಿಯಮ

1948ರ ಬ್ರಿಟಿಷ್ ರಾಷ್ಟ್ರೀಯತಾ ಕಾಯಿದೆಯ ಕಾಲದಲ್ಲಿ ಭಾರತದಂತಹ ಕಾಮನ್‌ವೆಲ್ತ್ ದೇಶಗಳಿಂದ ಹೋದವರಿಗೆ ನೋಂದಣಿಯೆಂಬ ಬೇರೊಂದು ಹಾದಿಯಿತ್ತು. 1981ರ ಕಾಯಿದೆಯು 1983ರ ಜನವರಿ 1ರಂದು ಜಾರಿಗೆ ಬಂದ ಮೇಲೆ ಆ ಹಾದಿ ಕ್ರಮೇಣ ಮುಚ್ಚಿತು. ಈಗ ವಯಸ್ಕರಿಗೆ ಮುಖ್ಯವಾಗಿ ಆ ಕಾಯಿದೆಯ 6ನೆಯ ಪ್ರಕರಣವೇ ಆಧಾರ. ಆ ಪ್ರಕರಣದಲ್ಲಿ ಎರಡು ಉಪಪ್ರಕರಣಗಳಿವೆ.

ಮೊದಲನೆಯದು ಸಾಮಾನ್ಯ ಅರ್ಜಿದಾರರಿಗೆ ಸಂಬಂಧಿಸಿದುದು. ಇವರು ಅರ್ಜಿಯ ದಿನಕ್ಕೆ ಹಿಂದಿನ 5 ವರ್ಷಗಳ ಅವಧಿಯಲ್ಲಿ 450 ದಿನಗಳಿಗಿಂತ ಹೆಚ್ಚು ಕಾಲ ದೇಶದ ಹೊರಗೆ ಇದ್ದಿರಬಾರದು. ಕೊನೆಯ 12 ತಿಂಗಳುಗಳಲ್ಲಿ 90 ದಿನಗಳಿಗಿಂತ ಹೆಚ್ಚು ಹೊರಗೆ ಇದ್ದಿರಬಾರದು. ಕಾಯಂ ವಾಸದ ಅನುಮತಿ ದೊರೆತು ಒಂದು ವರ್ಷವಾದರೂ ಕಳೆದಿರಬೇಕು. ಎರಡನೆಯದು ಬ್ರಿಟಿಷ್ ಪೌರರನ್ನು ವಿವಾಹವಾದವರಿಗೆ ಸಂಬಂಧಿಸಿದುದು. ಅವರಿಗೆ ಅವಧಿ 3 ವರ್ಷ, ಒಟ್ಟು ಮಿತಿ 270 ದಿನ. ಕೊನೆಯ ವರ್ಷದ ಮಿತಿ ಮಾತ್ರ 90 ದಿನಗಳೇ. ಇವುಗಳ ಜೊತೆಗೆ ಇಂಗ್ಲಿಷ್ ಭಾಷಾಜ್ಞಾನ, ಆ ನಾಡಿನ ಜೀವನವನ್ನು ಕುರಿತ ಪರೀಕ್ಷೆ, ಸಚ್ಚಾರಿತ್ರ್ಯ ಮೊದಲಾದ ನಿಬಂಧನೆಗಳೂ ಉಂಟು. ಅವು ಇಲ್ಲಿಯ ವಿಷಯವಲ್ಲ.

ಇನ್ನೊಂದು ನಿಯಮವನ್ನು ಹಲವರು ಗಮನಿಸುವುದಿಲ್ಲ. ಅವಧಿಯ ಮೊದಲ ದಿನ, ಅಂದರೆ ಅರ್ಜಿಗೆ ಸರಿಯಾಗಿ 5 ಅಥವಾ 3 ವರ್ಷ ಹಿಂದಿನ ದಿನ, ಅರ್ಜಿದಾರರು ಬ್ರಿಟನ್ನಿನ ನೆಲದಲ್ಲಿಯೇ ಇದ್ದಿರಬೇಕು. ಬಹುಕಾಲ ಈ ನಿಯಮಕ್ಕೆ ಸಾಮಾನ್ಯರ ಪಾಲಿಗೆ ವಿನಾಯಿತಿಯೇ ಇರಲಿಲ್ಲ. 2022ರ ರಾಷ್ಟ್ರೀಯತೆ ಮತ್ತು ಗಡಿಗಳ ಕಾಯಿದೆಯ ಮೂಲಕ ಇದನ್ನು ಸಡಿಲಿಸುವ ಅಧಿಕಾರವು ಗೃಹಮಂತ್ರಿಗಳಿಗೆ ದೊರೆತಿದೆ. ಆದರೂ ಅದನ್ನು ನೆಚ್ಚಿಕೊಂಡು ಅರ್ಜಿ ಸಲ್ಲಿಸುವುದು ವಿವೇಕವಲ್ಲ.

ದಿನಗಳನ್ನು ಎಣಿಸುವ ಬಗೆ

ಎಣಿಕೆಯ ಪದ್ಧತಿ ಅರ್ಜಿದಾರರಿಗೆ ಅನುಕೂಲವಾಗಿಯೇ ಇದೆ. ಪೂರ್ಣವಾಗಿ ಹೊರಗೆ ಕಳೆದ ದಿನಗಳನ್ನು ಮಾತ್ರ ಗೈರುಹಾಜರಿಯೆಂದು ಎಣಿಸುತ್ತಾರೆ. ಹೊರಟ ದಿನವೂ ಮರಳಿದ ದಿನವೂ ಲೆಕ್ಕಕ್ಕೆ ಬರುವುದಿಲ್ಲ. ಸೋಮವಾರ ಹೊರಟು ಬುಧವಾರ ಮರಳಿದವರಿಗೆ ಗೈರುಹಾಜರಿ ಮಂಗಳವಾರದ ಒಂದೇ ದಿನ. ಮ್ಯಾನ್ ದ್ವೀಪ ಮತ್ತು ಚಾನೆಲ್ ದ್ವೀಪಗಳಲ್ಲಿ ಕಳೆದ ದಿನಗಳು ದೇಶದ ಒಳಗಿನ ದಿನಗಳೇ. ಐರ್ಲೆಂಡ್ ಗಣರಾಜ್ಯದಲ್ಲಿ ಕಳೆದ ದಿನಗಳು ಮಾತ್ರ ಹೊರಗಿನವು. ಗಡಿಯಲ್ಲಿ ತಪಾಸಣೆ ಇಲ್ಲವೆಂಬ ಕಾರಣದಿಂದ ಇದನ್ನು ಮರೆಯುವವರುಂಟು.

ಇಂಗ್ಲೆಂಡಿನಿಂದ ಹೊರಡುವಾಗ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ವಾಡಿಕೆ ಅಲ್ಲಿಲ್ಲ. ಆದಕಾರಣ ಹೊರಟ ದಿನವನ್ನು ನೆನಪಿನಿಂದ ಬರೆಯಹೋಗಿ ತೊಡಕಿಗೆ ಸಿಲುಕುವುದುಂಟು. ಭಾರತದ ವಿಮಾನ ನಿಲ್ದಾಣದಲ್ಲಿ ಒತ್ತಿದ ಆಗಮನ ನಿರ್ಗಮನದ ಮುದ್ರೆಗಳು, ವಿಮಾನದ ಟಿಕೆಟ್ಟುಗಳು, ಕಚೇರಿಯ ರಜೆಯ ದಾಖಲೆಗಳು ಇವುಗಳನ್ನು ಕೂಡಿಸಿ ಪಟ್ಟಿ ಮಾಡಬೇಕು. ಪ್ರತಿ ಪ್ರಯಾಣವನ್ನೂ ಅದು ಮುಗಿದ ವಾರದಲ್ಲಿಯೇ ಬರೆದಿಡುವುದು ಎಲ್ಲಕ್ಕಿಂತ ಮೇಲು. ದಾಸೋಹದ ಉಗ್ರಾಣಕ್ಕೆ ಬಂದ ಧಾನ್ಯವನ್ನು ಅಂದಂದೇ ಬರೆದಿಡುವ ಪದ್ಧತಿಯ ಹಿಂದೆ ಇರುವ ವಿವೇಕವೇ ಇಲ್ಲಿಯೂ ಬೇಕಾದುದು.

ಮಿತಿ ಮೀರಿದಾಗ

ಕಾಯಿದೆಯ ಮೊದಲನೆಯ ಅನುಸೂಚಿಯು ಮಿತಿ ಮೀರಿದ ದಿನಗಳನ್ನು ಮನ್ನಿಸುವ ವಿವೇಚನಾಧಿಕಾರವನ್ನು ಗೃಹಮಂತ್ರಿಗಳಿಗೆ ಕೊಟ್ಟಿದೆ. ಅದನ್ನು ಹೇಗೆ ಚಲಾಯಿಸಬೇಕೆಂಬುದಕ್ಕೆ ಗೃಹ ಇಲಾಖೆಯು ಮಾರ್ಗದರ್ಶಿ ಸೂತ್ರಗಳನ್ನು ಪ್ರಕಟಿಸಿದೆ. ಅವುಗಳ ಸಾರ ಹೀಗಿದೆ.

5 ವರ್ಷಗಳ ಲೆಕ್ಕದಲ್ಲಿ ಗೈರುಹಾಜರಿ 480 ದಿನಗಳವರೆಗೆ ಇದ್ದು ಉಳಿದ ನಿಬಂಧನೆಗಳು ಪೂರೈಸಿದ್ದರೆ ಹೆಚ್ಚಳವನ್ನು ಸಾಮಾನ್ಯವಾಗಿ ಮನ್ನಿಸಲಾಗುತ್ತದೆ. 3 ವರ್ಷಗಳ ಲೆಕ್ಕದಲ್ಲಿ ಈ ಮೇರೆ 300 ದಿನ.

480ರಿಂದ 900 ದಿನಗಳವರೆಗೆ, 3 ವರ್ಷದವರಿಗೆ 300ರಿಂದ 540 ದಿನಗಳವರೆಗೆ, ಪರಿಶೀಲನೆ ಕಠಿಣವಾಗುತ್ತದೆ. ಅರ್ಜಿದಾರರ ಮನೆ, ಉದ್ಯೋಗ, ಕುಟುಂಬ, ಹಣಕಾಸು ಇವೆಲ್ಲವೂ ಬ್ರಿಟನ್ನಿನಲ್ಲಿಯೇ ನೆಲೆಗೊಂಡಿರಬೇಕು. ಅದರ ಮೇಲೆ ಇನ್ನೊಂದು ವಿಶೇಷ ಕಾರಣವೂ ಇರಬೇಕು. ಅವಧಿ ಆರಂಭವಾಗುವುದಕ್ಕೆ ಮುಂಚೆಯೇ 2 ವರ್ಷಗಳ ಕಾಲ, 3 ವರ್ಷದವರಾದರೆ 1 ವರ್ಷ ಕಾಲ, ದೀರ್ಘವಾಗಿ ಹೊರಗೆ ಹೋಗದೆ ಅಲ್ಲಿ ವಾಸವಾಗಿದ್ದುದು ಅಂತಹ ಒಂದು ಕಾರಣ. ಗೈರುಹಾಜರಿ 730 ದಿನಗಳನ್ನು ಮೀರಿದರೆ ಈ ಪೂರ್ವವಾಸ 3 ವರ್ಷ ಇರಬೇಕು. 3 ವರ್ಷದವರಿಗೆ 450 ದಿನಗಳನ್ನು ಮೀರಿದರೆ 2 ವರ್ಷ. ಬ್ರಿಟಿಷ್ ಸರ್ಕಾರದ ಸೇವೆಯಲ್ಲಿ ಹೊರದೇಶಕ್ಕೆ ನಿಯುಕ್ತರಾದುದು, ವ್ಯಾಪಾರೀ ಹಡಗಿನ ನಾವಿಕರಂತೆ ವೃತ್ತಿಯ ಸ್ವಭಾವದಿಂದಲೇ ಹೊರಗೆ ಇರಬೇಕಾದುದು, ಜಾಗತಿಕ ಸಾಂಕ್ರಾಮಿಕ ರೋಗದ ಕಾರಣ ಮರಳಲಾಗದೆ ಹೋದುದು ಇವೂ ಪರಿಗಣನೆಗೆ ಬರುತ್ತವೆ. 900 ಅಥವಾ 540 ದಿನಗಳನ್ನು ಮೀರಿದವರಿಗೆ ಮನ್ನಣೆ ಅತಿ ವಿರಳ.

ಕೊನೆಯ 12 ತಿಂಗಳುಗಳ ಲೆಕ್ಕಕ್ಕೆ ಬೇರೆ ಮೆಟ್ಟಿಲುಗಳಿವೆ. 100 ದಿನಗಳವರೆಗೆ ಸಾಮಾನ್ಯವಾಗಿ ಮನ್ನಣೆಯುಂಟು. 101ರಿಂದ 180 ದಿನಗಳಿದ್ದು ಒಟ್ಟು ಅವಧಿಯ ಮಿತಿ ಸರಿಯಾಗಿದ್ದರೆ, ಮನೆ, ಕುಟುಂಬ, ಆಸ್ತಿಯ ಬಹುಭಾಗ ಅಲ್ಲಿಯೇ ಇದೆಯೆಂದು ತೋರಿಸಿದರೆ ಮನ್ನಿಸಬಹುದು. ಒಟ್ಟು ಮಿತಿಯೂ ಮೀರಿದ್ದರೆ ಅಷ್ಟೇ ಸಾಲದು; ಆ ಗೈರುಹಾಜರಿಗೆ ಸರ್ಕಾರೀ ಸೇವೆ ಅಥವಾ ಬಲವಾದ ವೃತ್ತಿ ಸಂಬಂಧದ, ಇಲ್ಲವೆ ಕರುಣಾಸ್ಪದವಾದ ಕಾರಣವಿರಬೇಕು. 180 ದಿನಗಳನ್ನು ಮೀರಿದರೆ, ಒಟ್ಟು ಮಿತಿ ಸರಿಯಿದ್ದರೂ ಇಂತಹ ಕಾರಣ ಬೇಕೇ ಬೇಕು. ಎರಡೂ ಮೀರಿದ್ದರೆ ಮನ್ನಣೆ ತೀರ ಅಪರೂಪ.

ಇಲ್ಲಿ ಒಂದು ಸೂಕ್ಷ್ಮವಿದೆ. ನೊಂದ ಮನಸ್ಸಿಗೆ ಅದು ಕಠೋರವಾಗಿಯೂ ತೋರಬಹುದು. ಒಟ್ಟು ಅವಧಿಯ ಮಿತಿ 480 ದಿನಗಳನ್ನು ದಾಟಿದಾಗ ಹೆತ್ತವರ ಕಾಯಿಲೆಯಿಂದ ಊರಿಗೆ ಹೋಗಬೇಕಾಯಿತೆಂಬ ಒಂದೇ ಮಾತಿನಿಂದ ಕೊರತೆ ತುಂಬಿಬಿಡುವುದಿಲ್ಲ. ಅಲ್ಲಿ ಕೇಳುವ ಕರುಣೆಯ ಕಾರಣವು, ಪೌರತ್ವವನ್ನು ಈಗಲೇ ಏಕೆ ಕೊಡಬೇಕೆಂಬ ಪ್ರಶ್ನೆಗೆ ಉತ್ತರವಾಗಿರಬೇಕು. ಮದುವೆಗೆಂದು ಕಳೆದ ದಿನವೂ ತಂದೆಯ ಹಾಸಿಗೆಯ ಪಕ್ಕದಲ್ಲಿ ಕಳೆದ ದಿನವೂ ಎಣಿಕೆಯಲ್ಲಿ ಒಂದೇ. ಕೊನೆಯ ವರ್ಷದ ಗೈರುಹಾಜರಿಗೆ ಮಾತ್ರ ಅಂತಹ ಕಾರಣ ನೇರವಾಗಿ ನೆರವಾಗಬಹುದು. ಈ ಭೇದವನ್ನು ತಿಳಿಯದೆ ಆಸ್ಪತ್ರೆಯ ಕಾಗದಗಳನ್ನಷ್ಟೇ ನಂಬಿ ಅರ್ಜಿ ಸಲ್ಲಿಸಿದವರು ನಿರಾಶರಾಗುವ ಸಂಭವವುಂಟು.

ಒಂದು ಕಲ್ಪಿತ ನಿದರ್ಶನ

ಒಬ್ಬ ಇಂಜಿನಿಯರು 2026ರ ಜೂನ್ 10ರಂದು 5 ವರ್ಷದ ನಿಯಮದಂತೆ ಅರ್ಜಿ ಸಲ್ಲಿಸಬಯಸಿದನೆಂದು ಭಾವಿಸೋಣ. ಆತನ ಅವಧಿ 2021ರ ಜೂನ್ ತಿಂಗಳಲ್ಲಿ ಆರಂಭವಾಗುತ್ತದೆ. ತಂದೆಯ ಅನಾರೋಗ್ಯದಿಂದ 2021ರ ನವೆಂಬರ್ 1ರಂದು ಹೊರಟು 2022ರ ಮಾರ್ಚ್ 31ರಂದು ಮರಳಿದ. ಹೊರಗಿನ ದಿನಗಳು 149. ಬಳಿಕ 2023ರ ಏಪ್ರಿಲ್ 10ರಿಂದ ಜುಲೈ 10ರವರೆಗಿನ ಪ್ರಯಾಣಕ್ಕೆ 90, 2024ರ ಮೇ 1ರಿಂದ ಆಗಸ್ಟ್ 1ರವರೆಗೆ 91, 2024ರ ಡಿಸೆಂಬರ್ 5ರಿಂದ 2025ರ ಮಾರ್ಚ್ 5ರವರೆಗೆ 89, 2025ರ ಅಕ್ಟೋಬರ್ 20ರಿಂದ 2026ರ ಜನವರಿ 20ರವರೆಗೆ 91. ಎಲ್ಲವನ್ನೂ ಕೂಡಿದರೆ 510 ದಿನ. ಮಿತಿಯನ್ನು 60 ದಿನ ಮೀರಿದೆ. 480ರ ಮೇರೆಯನ್ನೂ ದಾಟಿದೆ. ಕೊನೆಯ ವರ್ಷದ 91 ದಿನಗಳು ಮಾತ್ರ 100ರ ಒಳಗೆ ಇರುವುದರಿಂದ ಚಿಂತೆಯಿಲ್ಲ.

ಆತನ ಮುಂದೆ ಎರಡು ಹಾದಿಗಳಿವೆ. ಆತ 2018ರಲ್ಲಿಯೇ ಇಂಗ್ಲೆಂಡಿಗೆ ಬಂದು 2021ರ ಜೂನ್‌ವರೆಗೆ ದೀರ್ಘ ಪ್ರಯಾಣವಿಲ್ಲದೆ ಅಲ್ಲಿಯೇ ಇದ್ದಿದ್ದರೆ, ಮನೆ, ಉದ್ಯೋಗ, ಕುಟುಂಬ, ಹಣಕಾಸು ಅಲ್ಲಿಯೇ ಇವೆಯೆಂದು ದಾಖಲೆಸಹಿತ ತೋರಿಸಿ ಮನ್ನಣೆಯನ್ನು ಕೋರಬಹುದು. 2020ರಲ್ಲಿ ಬಂದವನಾದರೆ ಆ ಆಧಾರವಿಲ್ಲ. ಬೇರೆ ವಿಶೇಷ ಕಾರಣವೂ ಇಲ್ಲದಿದ್ದರೆ ಕಾಯುವುದೇ ಕ್ಷೇಮ.

ಎಷ್ಟು ಕಾಲ ಕಾಯಬೇಕು? ದಿನ ಕಳೆದಂತೆ 5 ವರ್ಷಗಳ ಚೌಕಟ್ಟು ಮುಂದಕ್ಕೆ ಸರಿಯುತ್ತದೆ. ಹಳೆಯ ಗೈರುಹಾಜರಿಗಳು ಹಿಂದಿನಿಂದ ಒಂದೊಂದಾಗಿ ಕಳಚುತ್ತವೆ. 2026ರ ಡಿಸೆಂಬರ್ ಕೊನೆಯ ವೇಳೆಗೆ ಮೊದಲನೆಯ ಪ್ರಯಾಣದ 60 ದಿನಗಳು ಕಳಚಿ ಮೊತ್ತ ಸರಿಯಾಗಿ 450ಕ್ಕೆ ಇಳಿಯುತ್ತದೆ. ಇಲ್ಲಿಗೆ ಕೆಲಸವಾಯಿತೆಂದು ಆತ ಅರ್ಜಿ ಸಲ್ಲಿಸಿದರೆ ಮತ್ತೊಂದು ತೊಡಕು ಎದುರಾಗುತ್ತದೆ. ಆಗ ಚೌಕಟ್ಟಿನ ಮೊದಲ ದಿನ ಬೀಳುವುದು 2022ರ ಜನವರಿಯ ಆರಂಭಕ್ಕೆ. ಆ ದಿನ ಆತ ಭಾರತದಲ್ಲಿದ್ದ. ಮೊದಲ ದಿನದ ನಿಯಮವನ್ನೂ ಪೂರೈಸಬೇಕಾದರೆ 2022ರ ಮಾರ್ಚ್ 31ರ ಮರಳುವಿಕೆಯವರೆಗೆ ಚೌಕಟ್ಟು ಸರಿಯಬೇಕು. 2027ರ ಏಪ್ರಿಲ್ ಮೊದಲ ವಾರದಲ್ಲಿ ಅರ್ಜಿ ಸಲ್ಲಿಸಿದರೆ ಮೊದಲನೆಯ ಪ್ರಯಾಣವೇ ಪೂರ್ತಿ ಕಳಚಿ ಮೊತ್ತ 361 ದಿನಗಳಾಗುತ್ತದೆ. ಆ ನಡುವೆ ಹೊಸ ಪ್ರಯಾಣವಿಲ್ಲದಿದ್ದರೆ ಕೊನೆಯ ವರ್ಷದ ಗೈರುಹಾಜರಿ ಸೊನ್ನೆ. ಯಾವ ಮನ್ನಣೆಯನ್ನೂ ಬೇಡಬೇಕಾದುದಿಲ್ಲ. ತಾಳಿದವನು ಬಾಳಿಯಾನು ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯವಾಗುತ್ತದೆ. ಹತ್ತು ತಿಂಗಳ ತಾಳ್ಮೆಯಿಂದ ಆಗುವ ಕೆಲಸಕ್ಕೆ ಬೇಡಿಕೆಯ ಪತ್ರವೇಕೆ?

ಕಾಯಬೇಕೆಂದ ಮಾತ್ರಕ್ಕೆ ಊರಿಗೆ ಹೋಗಲೇಬಾರದೆಂದು ಅರ್ಥವಲ್ಲ. ವರ್ಷಕ್ಕೆ 90 ದಿನಗಳವರೆಗೆ ಹೋಗಿಬರಲು ಕಾನೂನೇ ಅವಕಾಶವನ್ನು ಕೊಟ್ಟಿದೆ. ಹೆತ್ತವರ ಕೊನೆಗಾಲದ ಸೇವೆ ಒದಗಿಬಂದರೆ ಮಕ್ಕಳು ಹೋಗುವುದೇ ಧರ್ಮ. ಪೌರತ್ವದ ಅರ್ಜಿಯನ್ನು ಮುಂದಿನ ವರ್ಷವೂ ಸಲ್ಲಿಸಬಹುದು. ಸೇವೆಗೆ ಅಂತಹ ಮುಂದಿನ ವರ್ಷವಿರುವುದಿಲ್ಲ.

ತಪ್ಪು ಕಲ್ಪನೆಗಳು

ಕಾಯಂ ವಾಸದ ಅನುಮತಿಯ ನಿಯಮವನ್ನು ಪೌರತ್ವದ ನಿಯಮದೊಂದಿಗೆ ಬೆರೆಸುವುದು ಸಾಮಾನ್ಯವಾಗಿ ಕಂಡುಬರುವ ದೋಷ. ಭಾರತದಿಂದ ಹೋಗಿ ಆ ಅನುಮತಿಯನ್ನು ಪಡೆದವರು ಸತತವಾಗಿ 2 ವರ್ಷಗಳಿಗಿಂತ ಹೆಚ್ಚು ಹೊರಗೆ ಇದ್ದರೆ ಮಾತ್ರ ಅದು ರದ್ದಾಗುತ್ತದೆ. ಇದನ್ನು ಕೇಳಿದವರು ಪೌರತ್ವಕ್ಕೂ ಅಷ್ಟೇ ಸಡಿಲವಿದೆಯೆಂದು ತಿಳಿಯುತ್ತಾರೆ. ಅನುಮತಿ ಉಳಿಯುವುದು ಬೇರೆ, ಪೌರತ್ವದ ಹಾಜರಿ ತುಂಬುವುದು ಬೇರೆ.

ಎರಡನೆಯದು ಇನ್ನೂ ಅಪಾಯಕರವಾದುದು. ಕೆಲವು ಪ್ರಯಾಣಗಳನ್ನು ಬರೆಯದೆ ಬಿಟ್ಟರೆ ಯಾರಿಗೆ ತಿಳಿದೀತೆಂಬ ಯೋಚನೆ ಅದು. ಮಿತಿ ಮೀರಿದ ದಿನಗಳಿಗೆ ಮನ್ನಣೆಯ ಅವಕಾಶವುಂಟು. ಮರೆಮಾಚಿದ ದಿನಗಳಿಗೆ ಇಲ್ಲ. ವಂಚನೆ ಕಂಡುಬಂದರೆ ಸಚ್ಚಾರಿತ್ರ್ಯದ ನಿಬಂಧನೆ ಮುರಿದಂತಾಗಿ ಸಾಮಾನ್ಯವಾಗಿ 10 ವರ್ಷಗಳವರೆಗೆ ಅರ್ಜಿ ನಿರಾಕೃತವಾಗಬಹುದು. ಸುಳ್ಳಿನಿಂದ ಪಡೆದ ಪೌರತ್ವವನ್ನು ಮುಂದೆ ಕಸಿದುಕೊಳ್ಳಲು 1981ರ ಕಾಯಿದೆಯ 40ನೆಯ ಪ್ರಕರಣವು ಅಧಿಕಾರ ಕೊಡುತ್ತದೆ. ಉಗುರಿನಲ್ಲಿ ಹೋಗುವ ಕೆಲಸಕ್ಕೆ ಕೊಡಲಿ ಹಿಡಿದಂತೆ, ಕೆಲವು ದಿನಗಳ ಕೊರತೆಯನ್ನು ಮುಚ್ಚಲು ಹೋಗಿ ಇಡೀ ಬಾಳನ್ನೇ ಒತ್ತೆಯಿಟ್ಟಂತಾಗುತ್ತದೆ.

ಮನ್ನಣೆಯನ್ನು ಕೋರುವ ಪತ್ರವು ಚಿಕ್ಕದಾಗಿಯೂ ಸ್ಪಷ್ಟವಾಗಿಯೂ ಇರಬೇಕು. ಮೊದಲು ಪ್ರಯಾಣಗಳ ಪಟ್ಟಿ ಮತ್ತು ಮೊತ್ತ. ಬಳಿಕ ಮಿತಿ ಎಷ್ಟು ಮೀರಿದೆಯೆಂಬ ಒಪ್ಪಿಗೆ. ಅನಂತರ ಯಾವ ಕಾರಣದ ಮೇಲೆ ಮನ್ನಣೆ ಬೇಡುತ್ತಿದ್ದಾರೆಂಬ ವಿವರ. ಮನೆಯ ಕ್ರಯಪತ್ರ ಅಥವಾ ಬಾಡಿಗೆಯ ಕರಾರು, ಉದ್ಯೋಗದಾತರ ಪತ್ರ, ತೆರಿಗೆಯ ಮತ್ತು ಬ್ಯಾಂಕಿನ ದಾಖಲೆ, ಮಕ್ಕಳ ಶಾಲೆಯ ಪತ್ರ ಇವುಗಳನ್ನು ಲಗತ್ತಿಸಬೇಕು. ನಿರಾಕರಣೆಯ ವಿರುದ್ಧ ಮೇಲ್ಮನವಿಯ ಹಕ್ಕು ಇಲ್ಲ. ಕಾನೂನನ್ನು ತಪ್ಪಾಗಿ ಅನ್ವಯಿಸಿದ್ದರೆ ಮರುಪರಿಶೀಲನೆಯನ್ನು ಕೇಳಬಹುದು. ಸಮಾರಂಭಕ್ಕೆಂದು ಕಟ್ಟಿದ ಭಾಗವನ್ನು ಬಿಟ್ಟು ಉಳಿದ ಶುಲ್ಕ ಮರಳಿ ಬರುವುದಿಲ್ಲ. ಮಾರ್ಗದರ್ಶಿ ಸೂತ್ರಗಳು ಆಗಾಗ್ಗೆ ಪರಿಷ್ಕೃತವಾಗುವುದರಿಂದ, ಅರ್ಜಿ ಸಲ್ಲಿಸುವ ವಾರದಲ್ಲಿ ಅವುಗಳನ್ನು ಮತ್ತೊಮ್ಮೆ ನೋಡಿಕೊಳ್ಳುವುದು ಅಗತ್ಯ.

ತಾಯ್ನಾಡಿನ ಕಡೆಯ ಲೆಕ್ಕ

ಭಾರತದ 1955ರ ಪೌರತ್ವ ಕಾಯಿದೆಯ 9ನೆಯ ಪ್ರಕರಣದಂತೆ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವವನ್ನು ಪಡೆದವರ ಭಾರತೀಯ ಪೌರತ್ವ ಕೊನೆಗೊಳ್ಳುತ್ತದೆ. ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಿ, 2005ರಿಂದ ದೊರೆಯುತ್ತಿರುವ ಸಾಗರೋತ್ತರ ಭಾರತೀಯರ ಕಾರ್ಡನ್ನು ಪಡೆಯಬಹುದು. ಅದು ಬಾಳಿನುದ್ದಕ್ಕೂ ಬಂದುಹೋಗಲು ಅನುಮತಿ ಕೊಡುತ್ತದೆ. ಮತದಾನದ ಹಕ್ಕನ್ನು ಕೊಡುವುದಿಲ್ಲ. ಕೃಷಿಭೂಮಿಯನ್ನು ಕೊಳ್ಳಲು ಅವಕಾಶ ಕೊಡುವುದಿಲ್ಲ. ದಾನಿಗಳು ಗಮನಿಸಬೇಕಾದ ಮಾತೊಂದಿದೆ. ಹೊರನಾಡಿನಲ್ಲಿದ್ದರೂ ಭಾರತದ ಪೌರರಾಗಿಯೇ ಉಳಿದವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಸಂಸ್ಥೆಗೆ ಕೊಡುವ ಕಾಣಿಕೆ ವಿದೇಶೀ ವಂತಿಗೆಯಲ್ಲ. ಅವರು ಬೇರೆ ದೇಶದ ಪೌರರಾದ ಮೇಲೆ ಕೊಡುವ ಕಾಣಿಕೆಗೆ 2010ರ ವಿದೇಶೀ ವಂತಿಗೆ ನಿಯಂತ್ರಣ ಕಾಯಿದೆ ಅನ್ವಯಿಸುತ್ತದೆ.

ಮರಳಿ ಭಾರತದ ಪೌರರಾಗಬಯಸುವವರಿಗೂ ಹಾಜರಿ ಪುಸ್ತಕವುಂಟು. ಹಿಂದೆ ಭಾರತದ ಪೌರರಾಗಿದ್ದವರು ನೋಂದಣಿಗೆ ಅರ್ಜಿ ಸಲ್ಲಿಸುವ ಮುನ್ನ 12 ತಿಂಗಳು ಇಲ್ಲಿ ವಾಸವಾಗಿರಬೇಕು. 2015ರ ತಿದ್ದುಪಡಿಯಂತೆ, ವಿಶೇಷ ಸಂದರ್ಭಗಳಲ್ಲಿ ಕೇಂದ್ರ ಸರ್ಕಾರವು ಈ ಅವಧಿಯನ್ನು 30 ದಿನಗಳವರೆಗೆ ಸಡಿಲಿಸಬಹುದು. ಆ ದಿನಗಳು ಬಿಡಿಬಿಡಿಯಾಗಿಯೂ ಇರಬಹುದು. ಎರಡು ನಾಡುಗಳ ಕಾನೂನುಗಳೂ ಮೊದಲು ವಾಸವನ್ನು ಕೇಳುತ್ತವೆ. ಬಳಿಕ ಮನುಷ್ಯನ ಬಾಳಿನಲ್ಲಿ ಅನಿರೀಕ್ಷಿತವೆಂಬುದು ಉಂಟೆಂದು ಒಪ್ಪುತ್ತವೆ.

ದೂರದ ನಾಡಿನಲ್ಲಿ ಕಾಯಕನಿರತರಾಗಿರುವ ಹಳೆಯ ವಿದ್ಯಾರ್ಥಿಗಳು ದಿನಗಳ ಲೆಕ್ಕವನ್ನು ಸತ್ಯವಾಗಿ ಬರೆದಿಡಲಿ, ಕಾಯಬಹುದಾದಾಗ ಕಾಯಲಿ, ಮನ್ನಣೆ ಬೇಕಾದಾಗ ಸಂಕೋಚವಿಲ್ಲದೆ ಕಾರಣ ಕೊಟ್ಟು ಕೇಳಲಿ. ಲೆಕ್ಕದ ಭಯದಿಂದ ಹೆತ್ತವರ ಮನೆಯ ಬಾಗಿಲು ಮಾತ್ರ ಅವರಿಗೆ ದೂರವಾಗದಿರಲಿ.